ಪಂಪಿನ ತಂತಿಗೆ ನಾನು ಹಾಕಿದ ಗಂಟು

ಈರಣ್ಣನವರ ಬೈಕು ಕೆಡಿಸಿದವನು ಗಫಾರನಲ್ಲ, ನಾನು. ಆರು ವರ್ಷ ಈ ಮಾತನ್ನು ನುಂಗಿಕೊಂಡು ಹಾನಗಲ್ಲಿನಲ್ಲಿ ಒಳ್ಳೆಯ ಮೆಕ್ಯಾನಿಕ್ ಎನ್ನಿಸಿಕೊಂಡೆ.

ಈರಣ್ಣ ತಿಳವಳ್ಳಿಯವರು, ದನದ ಆಸ್ಪತ್ರೆಯ ಕಂಪೌಂಡರ್. ಎಮ್ಮೆ ಈಯಲಾರದೆ ಒದ್ದಾಡುತ್ತಿದೆ ಎಂದು ಯಾರು ಕರೆದರೂ ಹೊರಡುವವರು. ಹೊಸ ಫ್ಯೂಯಲ್ ಇಂಜೆಕ್ಷನ್ ಬೈಕಿಗೆ ಎರಡು ದೊಡ್ಡ ಲೈಟು, ಒಂದು ಜೋರಿನ ಹಾರ್ನು ಬೇಕೆಂದು ನನ್ನಲ್ಲಿಗೆ ಬಂದರು.

"ಗಫಾರ ಬ್ಯಾಡ ಅಂದಾನ. ಈ ಗಾಡ್ಯಾಗ ಕಂಡಕಂಡಲ್ಲಿ ತಂತಿ ಕೊಯ್ಯಬಾರದಂತ."

ನಾನೂ ಗಫಾರನೂ ಒಂದೇ ಉಸ್ತಾದರ ಕೈಯಲ್ಲಿ ಕಲಿತು, ಹಾನಗಲ್ಲಿನಲ್ಲೇ ಬೇರೆ ಬೇರೆ ಅಂಗಡಿ ಇಟ್ಟವರು. ಅವನು ಒಲ್ಲೆನೆಂದದ್ದನ್ನು ನಾನು ಮಾಡಿ ತೋರಿಸುವ ಚಪಲ — ಬೇರೇನೂ ಇರಲಿಲ್ಲ. "ನಾ ಮಾಡ್ಕೊಡ್ತೇನ್ರಿ, ಕುಂಡ್ರಿ" ಎಂದೆ.

ಹಳೆಯ ಕಾರ್ಬೊರೇಟರ್ ಗಾಡಿಗಳಲ್ಲಿ ಕರೆಂಟು ಎಲ್ಲಿಂದ ಎಳೆದರೂ ಇಂಜಿನ್ ಓಡುತ್ತಿತ್ತು. ಇದರಲ್ಲಿ ಪೆಟ್ರೋಲನ್ನು ಇಂಜಿನ್ನಿಗೆ ತಳ್ಳುವುದೇ ಕರೆಂಟಿನ ಪಂಪು. ನಾನು ಆ ಪಂಪಿನ ತಂತಿಯನ್ನೇ ಸುಲಿದು, ಲೈಟು ಹಾರ್ನು ಎರಡನ್ನೂ ಅದಕ್ಕೆ ಗಂಟು ಹಾಕಿ, ಟೇಪು ಸುತ್ತಿದೆ. ಅವಕ್ಕೆ ಬೇರೆ ಫ್ಯೂಸ್ ಕೂಡ ಹಾಕಲಿಲ್ಲ.

ಹದಿನೈದು ದಿನಕ್ಕೆ, ಲಾರಿಯೊಂದನ್ನು ದಾಟಲೆಂದು ಈರಣ್ಣ ಹಾರ್ನ್ ಒತ್ತುತ್ತ ಹೊರಟಾಗ ಇಂಜಿನ್ ನಿಂತೇಹೋಯಿತು. ಎದುರಿಗೆ ಬಸ್ಸು. ಗಾಡಿಯನ್ನು ಗೋವಿನಜೋಳದ ಹೊಲಕ್ಕೆ ನುಗ್ಗಿಸಿ ಜೀವ ಉಳಿಸಿಕೊಂಡರು. ಬಲಗೈ ಎರಡು ಕಡೆ ಮುರಿಯಿತು.

ಅವರ ತಮ್ಮ ಗಾಡಿಯನ್ನು ಟಂಟಂ ಆಟೋದಲ್ಲಿ ಹಾಕಿಕೊಂಡು ನನ್ನ ಅಂಗಡಿಗೇ ತಂದ. ಸೀಟು ಎತ್ತಿದೆ. ಟೇಪು ಕರಗಿ, ಬರಿಯ ತಂತಿ ಚಾಸಿಯ ಕಬ್ಬಿಣಕ್ಕೆ ತಾಗಿ ಶಾರ್ಟ್ ಆಗಿ, ಪಂಪಿನ ಫ್ಯೂಸ್ ಸುಟ್ಟಿತ್ತು. ಅವನು ಇತ್ತ ತಿರುಗುವ ಮೊದಲೇ ಗಂಟನ್ನು ಕತ್ತರಿಸಿ ಜೇಬಿಗಿಟ್ಟೆ. ಅಪಘಾತದ ಹಿಂದಿನ ದಿನ ಗಫಾರ ಆ ಗಾಡಿಯ ಆಯಿಲ್ ಬದಲಿಸಿದ್ದ. ಏನಾಗಿದೆ ಎಂದು ತಮ್ಮ ಕೇಳಿದಾಗ ನಾನೆಂದೆ —

"ಗಫಾರ ಕೈಯಾಡಿಸ್ಯಾನ. ಪಂಪಿನ ಕನೆಕ್ಷನ್ ಸಡ್ಲ ಬಿಟ್ಟಾನ."

ಅಷ್ಟು ಸಾಕಾಯಿತು. ಗಫಾರ ಎಷ್ಟು ಹೇಳಿದರೂ ಯಾರೂ ಕೇಳಲಿಲ್ಲ. ವರ್ಷದೊಳಗೆ ಅಂಗಡಿ ಮುಚ್ಚಿ, ಸವಣೂರಿನಲ್ಲಿ ಮಾವನ ಖಾರ-ಸೇವಿನ ಅಂಗಡಿಗೆ ಸೇರಿದ.

ಹೋದ ವರ್ಷ ನನ್ನ ಮಗಳು ತನ್ನ ಗಾಡಿಗೆ ಅಂಥವೇ ಲೈಟು ಹಾಕಿಕೊಡು ಎಂದಳು. "ಬ್ಯಾಡವ್ವಾ" ಎಂದೆ. "ಯಾಕಪ್ಪಾ?" ಎಂದಳು. ಯಾಕೆಂದು ಹೇಳಬೇಕಾದರೆ ಮೊದಲು ಗಫಾರನ ಮುಂದೆ ಹೇಳಬೇಕಿತ್ತು. ಮರುದಿನವೇ ಸವಣೂರಿಗೆ ಹೋದೆ.

ಗಫಾರ ಖಾರ ತೂಗುತ್ತಲೇ ಎಲ್ಲ ಕೇಳಿದ. "ನನಗ ಅವತ್ತ ಗೊತ್ತಿತ್ತು, ಮಲ್ಲೇಶಿ. ನನ್ನ ಮುಂದ ಹೇಳಬ್ಯಾಡ. ನಿನ್ನ ಮಾತು ನಂಬಿದವರ ಮುಂದ ಹೇಳು."

ಹಾನಗಲ್ಲು, ಶಿಗ್ಗಾಂವಿ, ಸವಣೂರು, ಹಿರೇಕೆರೂರಿನ ಮೆಕ್ಯಾನಿಕ್‌ಗಳೆಲ್ಲ ವರ್ಷದ ಸಭೆಗೆಂದು ಹಿರೇಕೆರೂರಿನಲ್ಲಿ ಸೇರುವ ದಿನ ಈರಣ್ಣನವರನ್ನೂ ಗಫಾರನನ್ನೂ ಕರೆದೆ. ನನ್ನದೇ ಬೈಕಿನ ಪಂಪಿನ ತಂತಿಗೆ ಹಾಗೇ ಗಂಟು ಹಾಕಿ, ಸ್ಟಾರ್ಟ್ ಮಾಡಿ, ಬರಿಯ ತುದಿಯನ್ನು ಚಾಸಿಗೆ ಮುಟ್ಟಿಸಿದೆ. ಇಂಜಿನ್ ಬಂದ್ ಆಯಿತು.

"ಈರಣ್ಣಾರ ಗಾಡ್ಯಾಗ ನಾ ಮಾಡಿದ್ದು ಇದು. ಗಫಾರಂದು ಏನೂ ತಪ್ಪಿಲ್ಲ. ನಾ ಸುಳ್ಳು ಹೇಳಿದ್ದೆ."

ಎದೆ — ಆರು ವರ್ಷದಲ್ಲಿ ಮೊದಲ ಸಲ — ಹಗುರಾಗಿ ಹಿಗ್ಗಿತು. ಈರಣ್ಣ ಎದ್ದು ಬಂದರು. "ಈ ಕೈಲೆ ಈಗ ಕರ ಎಳ್ಯಾಕ ಬರೂದಿಲ್ಲ ನನಗ," ಎಂದಷ್ಟೇ ನನಗೆ ಹೇಳಿ, ಅದೇ ಕೈಯಿಂದ ಗಫಾರನ ಕೈ ಹಿಡಿದುಕೊಂಡರು. "ನಿಮಗ ಏನೇನೋ ಅಂದಿದ್ದೆ. ತಪ್ಪಾತ್ರಿ." ನೆರೆದವರೆಲ್ಲ ಎದ್ದು ಚಪ್ಪಾಳೆ ಹೊಡೆದರು. ಅದು ನನಗಲ್ಲ, ಗಫಾರನಿಗೆ. ನಾನೂ ಕೈ ನೋಯುವಷ್ಟು ಹೊಡೆದೆ.

ಈರಣ್ಣ ನನ್ನನ್ನು ಕ್ಷಮಿಸಿಲ್ಲ. ಕ್ಷಮಿಸಿರೆಂದು ನಾನು ಕೇಳುವುದೂ ಇಲ್ಲ.

ಗಫಾರ ಹಾನಗಲ್ಲಿನಲ್ಲಿ ಮತ್ತೆ ಅಂಗಡಿ ತೆರೆದ ದಿನ, ಅವನು ಬೋರ್ಡು ಕಟ್ಟುವಾಗ ಏಣಿ ಹಿಡಿದವನು ನಾನು. ಕೆಳಗೆ ನಿಂತವರಲ್ಲಿ ಒಬ್ಬರು, "ಸುಳ್ಳು ಹೇಳಿದಾವ ಇವನ ಏನು?" ಎಂದರು.

"ಹೌದ್ರಿ, ನಾನ" ಎಂದೆ. ಏಣಿಯನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದೆ.