ಶಾಣ್ಯಾ ಹುಡುಗನ ಮೂವತ್ತೊಂದು ಮಾರ್ಕ್ಸ್

ಪ್ಲಾಟ್‌ಫಾರ್ಮಿನ ಕೊನೆಯ ಬೆಂಚಿನಲ್ಲಿ ಕಾಲೇಜು ಬ್ಯಾಗು ತಬ್ಬಿಕೊಂಡು ಕೂತಿದ್ದವನು ನಮ್ಮ ಪಕ್ಕದ ಮನೆಯ ಅಭಿಜಿತ್ ಎಂದು ಗೊತ್ತಾಗಲು ನನಗೆ ಎರಡು ನಿಮಿಷ ಬೇಕಾಯಿತು.

ನಾಲ್ಕು ತಿಂಗಳ ಹಿಂದಿನ ಮಾತು. ಬೈಯಪ್ಪನಹಳ್ಳಿ ಸ್ಟೇಷನ್ನಿನಲ್ಲಿ ಬಂಗಾರಪೇಟೆಯ ರೈಲಿಗೆ ಕಾಯುತ್ತಿದ್ದೆ. (ನಾದಿನಿಯ ಮನೆಯ ನಾಮಕರಣ. ತಪ್ಪಿಸಿಕೊಂಡರೆ ಹತ್ತು ವರ್ಷ ಮಾತು ಕೇಳಬೇಕು.)

“ಏನೋ, ಕಾಲೇಜಿಲ್ವಾ?”

“ರಜಾ ಆಂಟಿ.”

“ಯಾವತ್ತಿಂದ?”

“ಹನ್ನೊಂದು ದಿನ ಆಯ್ತು.”

ಹನ್ನೊಂದು ದಿನ ರಜೆ ಕೊಡುವ ಪಿಯು ಕಾಲೇಜು ಬೆಂಗಳೂರಿನಲ್ಲಿ ಎಲ್ಲಿದೆ? ಪಕ್ಕದಲ್ಲಿ ಕೂತೆ. ಒಂದು ಗೂಡ್ಸ್ ರೈಲು ಹಾದುಹೋಯಿತು. ಅದನ್ನು ಅವನು ನೋಡುತ್ತಿದ್ದ ರೀತಿ ನನಗೆ ಹಿಡಿಸಲಿಲ್ಲ.

ಕೊನೆಗೆ ಬಾಯಿಬಿಟ್ಟ. ಫಿಸಿಕ್ಸ್ ಟೆಸ್ಟಿನಲ್ಲಿ ನೂರಕ್ಕೆ ಮೂವತ್ತೊಂದು. ಪಾಸಾಗಲು ಮೂವತ್ತೈದು ಬೇಕು. ಅವತ್ತಿನಿಂದ ಕಾಲೇಜು ಬಿಟ್ಟು ದಿನವೂ ಈ ಬೆಂಚಿಗೇ ಬರುತ್ತಿದ್ದ. ಕ್ಲಾಸಿಗೆ ಬರುತ್ತಿಲ್ಲವೆಂದು ಕಾಲೇಜಿನಿಂದ ಮನೆಗೆ ಬಂದ ಕಾರ್ಡನ್ನು ಇವನೇ ಹರಿದು ಬಿಸಾಡಿದ್ದ.

“ನಾಲ್ಕು ಮಾರ್ಕ್ಸ್ ತಾನೇ? ಮುಂದಿನ ಸಲ ಕೂತು ಓದು.”

“ಓದಿದ್ರೇನೇ ಬರೋದು ಅಂದ್ರೆ ನಾನು ಬುದ್ಧಿವಂತ ಅಲ್ಲ ಅಂತಾಯ್ತಲ್ಲ ಆಂಟಿ.”

ಹದಿನಾರು ವರ್ಷದ ತಲೆಯೊಳಗೆ ಈ ಕಸ ತುಂಬಿದವರು ಯಾರು?

ಹೇಳುತ್ತೇನೆ. ಅವರಪ್ಪ ಧಾರವಾಡ ಕಡೆಯವರು. ಇನ್ಶೂರೆನ್ಸ್ ಆಫೀಸಿನಲ್ಲಿ ಕೆಲಸ. ಜೋಗುಪಾಳ್ಯದಲ್ಲಿ ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಯಾರೇ ಬರಲಿ, ಕಾಫಿಗೆ ಮುಂಚೆ ಮಕ್ಕಳ ಪ್ರದರ್ಶನ. “ಇವ ಭಾಳ ಶಾಣ್ಯಾ ಅದಾನ್ರೀ. ಪುಸ್ತಕಾ ಮುಟ್ಟಂಗಿಲ್ಲ, ತೊಂಬತ್ತು ತರ್ತಾನ. ಇಕಿ ಸ್ವಲ್ಪ ದಡ್ಡಿ.” ಇಕಿ ಎಂದರೆ ಅಕ್ಕ ಸುಮಾ. ಅವಳೆದುರಿಗೇ! ಬಂದವರು ಹಿಹಿ ಎಂದು ನಕ್ಕು ಚಕ್ಕುಲಿ ಮುರಿಯುತ್ತಾರೆ. (ನಾನೂ ಮುರಿದಿದ್ದೇನೆ. ನಾಚಿಕೆಯಾಗಬೇಕು ನನಗೆ.)

ನನ್ನ ರೈಲು ಬಂತು, ಹೋಯಿತು. ನಾದಿನಿ ಬೈದುಕೊಳ್ಳಲಿ. ಹುಡುಗನನ್ನು ಆಟೋ ಹತ್ತಿಸಿಕೊಂಡು ಮನೆಗೆ ಕರೆತಂದೆ. ಸಂಜೆ ಅವರ ಮನೆಗೆ ಹೋಗಿ ಅವರಪ್ಪನಿಗೆ ಎಲ್ಲ ಹೇಳಿದೆ.

“ನಮ್ಮ ಹುಡುಗ ಫೇಲಾ? ಪೇಪರ್ ನೋಡಿದಾಂವಗ ತಲಿ ಕೆಟ್ಟಿರಬೇಕು!”

“ಪೇಪರ್ ಬಿಡಿ ಸಾರ್. ಹನ್ನೊಂದು ದಿನ ರೈಲು ಹಳಿ ನೋಡ್ತಾ ಕೂತಿದ್ದಾನೆ. ಡಾಕ್ಟರ್‌ಗೆ ತೋರಿಸಿ. ಮನಸ್ಸಿನ ಡಾಕ್ಟರ್‌ಗೆ.”

“ಹುಚ್ಚ ಏನ್ರೀ ನನ್ನ ಮಗಾ?”

ನೋಡಿ, ಎಂಥ ತಂದೆ! ಮಗ ಜೀವಂತ ಮನೆಗೆ ಬಂದಿದ್ದಾನೆ, ಇವರಿಗೆ ಮರ್ಯಾದೆಯ ಚಿಂತೆ.

ಅಡುಗೆಮನೆಯಿಂದ ಸುಮಾ ಬಂದಳು. ಎಸ್ಸೆಸ್ಸೆಲ್ಸಿ ಲೆಕ್ಕದಲ್ಲಿ ಎರಡು ಸಲ ಫೇಲಾಗಿ ಮೂರನೆಯ ಸಲ ಪಾಸಾದವಳು. ತಮ್ಮನ ಮುಂದೆ ಅನ್ನದ ತಟ್ಟೆ ಇಟ್ಟಳು.

“ಊಟ ಮಾಡೋ. ಫೇಲಾದ್ರೆ ಏನಾಗತ್ತೆ ಅಂತ ನನ್ನ ಕೇಳು. ಎರಡು ದಿನ ಅಳು ಬರತ್ತೆ. ಮೂರನೇ ದಿನ ಹಸಿವಾಗತ್ತೆ. ಆಮೇಲೆ ಎಲ್ಲಿ ತಪ್ಪಾಯ್ತು ಅಂತ ಹುಡುಕ್ಬೇಕು.” ಅಪ್ಪನ ಕಡೆ ತಿರುಗಿ, “ನೀವು ಬರದಿದ್ರೆ ನಾಳೆ ನಾನೇ ಡಾಕ್ಟರ್ ಹತ್ರ ಕರ್ಕೊಂಡು ಹೋಗ್ತೀನಿ” ಎಂದಳು.

ಹೋದಳು ಕೂಡ. ಹಲಸೂರಿಗೆ, ವಾರಕ್ಕೊಮ್ಮೆ. ಹುಡುಗ ಮೊದಲ ದಿನ ಅತ್ತನಂತೆ, ಎರಡನೆಯ ವಾರ ಮಾತಾಡಿದನಂತೆ. ಮೂರನೆಯ ವಾರದಿಂದ ಅಪ್ಪನೂ ಹೊರಗೆ ಕುರ್ಚಿಯಲ್ಲಿ ಕೂತರು, ದಿನಪತ್ರಿಕೆಯಿಂದ ಮುಖ ಮುಚ್ಚಿಕೊಂಡು.

ಬುದ್ಧಿವಂತ ಎಂಬ ಬಿರುದು ಹೊತ್ತವನಿಗೆ ಅದು ಯಾವಾಗ ಕಳೆದುಹೋಗುತ್ತದೋ ಎಂಬ ಹೆದರಿಕೆ. ದಡ್ಡಿ ಎನ್ನಿಸಿಕೊಂಡ ಸುಮಾಗೆ ಬಿದ್ದು ಏಳುವುದು ಅಭ್ಯಾಸವಾಗಿತ್ತು. (ಹಾಗಂತ ನಾಳೆಯಿಂದ ಮಕ್ಕಳನ್ನು ದಡ್ಡ ಎಂದು ಬೈಯಲು ಹೊರಡಬೇಡಿ. ಅವಳು ಎದ್ದದ್ದು ಅವಳ ಗಟ್ಟಿತನದಿಂದ, ಬೈದವರ ಕೃಪೆಯಿಂದಲ್ಲ.)

ಮೊನ್ನೆ ಅಭಿಜಿತ್‌ಗೆ ಫಿಸಿಕ್ಸಿನಲ್ಲಿ ಐವತ್ತೆರಡು ಬಂತು. ಓದಿ ತಂದದ್ದು. ಸುಮಾ ನಮ್ಮ ಮನೆಗೆ ಪೇಡೆ ತಂದುಕೊಟ್ಟಳು. ಹಿಂದೆಯೇ ಬಂದ ಅವರಪ್ಪ ಸಣ್ಣ ದನಿಯಲ್ಲಿ, “ಐವತ್ತೆರಡಕ್ಕ ಯಾರರೆ ಪೇಡೆ ಹಂಚತಾರೇನ್ರೀ? ಮಂದಿ ಏನಂದಾರು?” ಎಂದರು.

ಮಗ ದಿನಾ ಸಂಜೆ ನಗುತ್ತಾ ಮನೆಗೆ ಬರುತ್ತಿದ್ದಾನಲ್ಲ, ಅದಕ್ಕೆ ಎಷ್ಟು ಮಾರ್ಕ್ಸ್ ಕೊಡುತ್ತಾರಂತೆ ಆ ಮಂದಿ?