ಮಾದೇವಕ್ಕನ ಮಾತು

ಆಗೆಲ್ಲ ನಮ್ಮೂರಿನ ಮನೆಗಳಲ್ಲಿ ಮನುಷ್ಯರಿಗಿಂತ ರೇಷ್ಮೆ ಹುಳುಗಳಿಗೇ ಹೆಚ್ಚು ಜಾಗ. ಕೊಳ್ಳೇಗಾಲದ ಸುತ್ತಮುತ್ತ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಡಸಾಲೆ ತುಂಬ ಬಿದಿರಿನ ತಟ್ಟೆಗಳು, ಹಸಿ ಹಿಪ್ಪುನೇರಳೆ ಸೊಪ್ಪಿನ ವಾಸನೆ, ಹುಳು ಬಲಿತು ಮೇಯತೊಡಗಿದರೆ ಸೋನೆ ಮಳೆಯಂಥ ಸದ್ದು. ನಾವು ಗೋಡೆ ಬದಿಗೆ ಒತ್ತರಿಸಿಕೊಂಡು ಕೂತು ಮುದ್ದೆ, ಉಪ್ಸಾರು ಉಣ್ಣುತ್ತಿದ್ದೆವು.

ನಾನು ಒಂದನೇ ಕ್ಲಾಸಿಗೆ ಸೇರಿದ ವರ್ಷ ನಮ್ಮಕ್ಕ ಮಾದೇವಕ್ಕನೂ ನನ್ನ ಜೊತೆಗೇ ಒಂದನೇ ಕ್ಲಾಸಿಗೆ ಬಂದಳು. ಅವಳು ನನಗಿಂತ ನಾಲ್ಕು ವರ್ಷ ದೊಡ್ಡವಳು. ಆದರೂ ಅವಳ ಲಂಗದ ಲಾಡಿಯನ್ನು ನಾನು ಕಟ್ಟಬೇಕಿತ್ತು. ಕುಂಟೆಬಿಲ್ಲೆ ಆಡುವಾಗ ಅವಳ ಸರದಿ ಬಂತೆಂದು ನಾನೇ ಕೈ ಹಿಡಿದು ಗೆರೆಯ ಮುಂದೆ ನಿಲ್ಲಿಸುತ್ತಿದ್ದೆ. ಅವಳಿಗೆ ಬರುತ್ತಿದ್ದದ್ದು ಬೆರಳೆಣಿಕೆಯ ಮಾತು. ನೀರು ಅಂದರೆ ‘ಈಮ್’. ಅಲುಗಾಡುವುದೆಲ್ಲ ‘ಬೂ’: ಎತ್ತು, ಬಸ್ಸು, ಹುಳು, ಗಾಳಿಗೆ ಹಾರುವ ಸೀರೆ. ಅದು ಯಾವ ಬೂ ಅಂತ ಅವಳ ಕಣ್ಣು ಹೋದ ಕಡೆ ನೋಡಿ ನಾನು ಹೇಳುತ್ತಿದ್ದೆ. ಅವ್ವನೂ ನನ್ನನ್ನೇ ಕೇಳುತ್ತಿದ್ದಳು: “ನಿಂಗೀ, ಏನಂತಾಳೆ ನೋಡು ನಿಮ್ಮಕ್ಕ.”

ನಮ್ಮ ತಾಲ್ಲೂಕು ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿ ಕೆಲವು ವರ್ಷವಾಗಿತ್ತು. ಮೈಸೂರು ಕಡೆಯಿಂದ ಒಬ್ಬರು ಎಳೆ ವಯಸ್ಸಿನ ಮೇಷ್ಟ್ರು ಬಂದಿದ್ದರು. ಅಪ್ಪ ನನ್ನನ್ನು ಸೇರಿಸಲು ಹೋದ ದಿನ ಅವರು ಜೊತೆಗಿದ್ದ ಅಕ್ಕನನ್ನು ನೋಡಿ, “ಇವಳನ್ನ್ಯಾಕೆ ಕಳಿಸಲ್ಲ?” ಅಂದರು.

“ಅದ್ಕೆ ಬುದ್ಧಿ ಸಾಲ್ದು ಸಾ,” ಅಂದ ಅಪ್ಪ.

“ಬರ್ಲಿ ಬಿಡಿ. ತಂಗಿ ಪಕ್ಕ ಕೂತ್ಕೊಳ್ಳಲಿ.”

ಮರಳಿನ ಮೇಲೆ ಅವಳ ಬೆರಳು ಹಿಡಿದು ಅವರು ‘ಅ’ ತಿದ್ದಿಸುತ್ತಿದ್ದರು. ಬೆಳಿಗ್ಗೆ ತಿದ್ದಿದ್ದು ಮಧ್ಯಾಹ್ನಕ್ಕೆ ಅವಳಿಗೆ ಹೊಸದು. ಮಕ್ಕಳು ನಕ್ಕರೆ ಅವಳೂ ನಗುತ್ತಿದ್ದಳು. ಕೆಲವು ದಿನ ನೋಡಿ ಮೇಷ್ಟ್ರು ಅಕ್ಷರ ಬಿಟ್ಟರು. ಅವಳ ಅಂಗೈಯಲ್ಲಿ ಕಲ್ಲಿಟ್ಟು ‘ಕಲ್ಲು’ ಅನ್ನುವರು. ಎಲೆ ಇಟ್ಟು ‘ಎಲೆ’ ಅನ್ನುವರು. ದಿನಾ ಅದೇ ಕಲ್ಲು, ಅದೇ ಎಲೆ.

ಹುಳು ಬಲಿತ ಒಂದು ಸಂಜೆ ಅಕ್ಕ ತಟ್ಟೆಗೆ ಕಿವಿಗೊಟ್ಟು ನಿಂತಿದ್ದವಳು ನನ್ನ ಕಡೆ ತಿರುಗಿ, “ಬೂ ಉಂತು,” ಅಂದಳು. ಹುಳು ಉಣ್ಣುತ್ತಿವೆ ಅಂತ. ಎರಡು ಮಾತು ಒಟ್ಟಿಗೆ ಅವಳ ಬಾಯಲ್ಲಿ ಅದುವರೆಗೆ ಬಂದಿರಲಿಲ್ಲ. ಮರುದಿನ ಸ್ಕೂಲಿನಲ್ಲಿ ಇದನ್ನು ಹೇಳಿದ್ದೇ ತಡ, ಮೇಷ್ಟ್ರು ಸಂಜೆ ಮನೆಗೇ ಬಂದರು.

“ಎರಡು ವರ್ಷದ ಮಗು ಮಾಡೋದನ್ನ ಇವಳು ಹತ್ತು ವರ್ಷಕ್ಕೆ ಮಾಡಿದಾಳೆ ಕಣಮ್ಮ. ನಿಧಾನ, ಆದ್ರೆ ಕಲೀತಾಳೆ. ಆತುರ ಮಾತ್ರ ಬೇಡ.”

ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಜ್ಜಿಗೆ ಕೇಳಿಸಿದ್ದು ಬೇರೆ. “ನಾಲ್ಗೆ ಬುಡ್ತಾ ಅದೆ. ಒಸಿ ಕೈ ಹಚ್ಚುದ್ರೆ ಪೂರಾ ಬುಡ್ತದೆ,” ಅಂದಳು. ಅಕ್ಕನ ನಾಲಿಗೆಗೆ ಹುಟ್ಟಿದಾಗಿನಿಂದ ಬಜೆ ತೇಯ್ದು ಹಚ್ಚಿದವಳು ಅವಳೇ.

ಅಪ್ಪ ರೇಷ್ಮೆ ಗೂಡು ಮಾರಲು ಕೊಳ್ಳೇಗಾಲಕ್ಕೆ ಹೋಗಿದ್ದ ದಿನ ಅಜ್ಜಿ ಕಾಡಂಚಿನ ಊರಿನಿಂದ ಬರೆ ಹಾಕುವ ಮುದುಕನನ್ನು ಕರೆಸಿದಳು.

“ಬ್ಯಾಡ ಕಣತ್ತೆ,” ಅಂದಳು ಅವ್ವ.

“ಸುಮ್ಕಿರು. ಮಾತು ಬರ್ದೋದ್ರೆ ನಾಳೆ ಇದ್ನ ಯಾರು ನೋಡ್ಕಂಡಾರು? ನಾನಿರ್ತೀನಾ, ನೀನಿರ್ತೀಯಾ?”

ಅಕ್ಕನ ಕೈ ಹಿಡಿದುಕೊಂಡವಳು ಅವ್ವನೇ. ಮುದುಕ ಅರಿಶಿನದ ಕೊಂಬನ್ನು ಕೆಂಡದಲ್ಲಿ ಕಾಸಿ ನಾಲಿಗೆಗೆ ಒತ್ತಿದ. ಸುಟ್ಟ ಅರಿಶಿನದ ವಾಸನೆ ಪಡಸಾಲೆಗೆ ಬಂತು. ನಾನು ಬಾಗಿಲ ಹತ್ತಿರ ನಿಂತಿದ್ದೆ. ಏನೂ ಅನ್ನಿಸಲಿಲ್ಲ. ತಟ್ಟೆಗಳಿಗೆ ಸೊಪ್ಪು ಹಾಕುವ ಹೊತ್ತಾಗಿತ್ತು, ಹೋಗಿ ಹಾಕಿದೆ.

ಗಾಯ ಬೇಗ ಮಾಯಿತು. ಮಾತು ಹೋಯಿತು. ಈಮ್ ಇಲ್ಲ, ಬೂ ಇಲ್ಲ. ದೊಡ್ಡವರ ಕೈ ಮುಖದ ಹತ್ತಿರ ಬಂದರೆ ತುಟಿ ಬಿಗಿದುಕೊಳ್ಳುವಳು. ಮೇಷ್ಟ್ರು ಮನೆಗೇ ಕಲ್ಲು ತಂದು ಅಂಗೈಗಿಟ್ಟರೆ ಮುಷ್ಟಿ ಕಟ್ಟಿ ಗೋಡೆಗೆ ಮುಖ ಮಾಡಿದಳು.

“ಅವಳ ನಾಲಿಗೆಗೆ ಏನೂ ಆಗಿರಲಿಲ್ಲ ಅಜ್ಜಿ. ತಡ ಇದ್ದದ್ದು ಬುದ್ಧಿ ಬೆಳೆಯೋದ್ರಲ್ಲಿ,” ಅಂದರು ಮೇಷ್ಟ್ರು.

“ಒಳ್ಳೇದಾಗ್ಲಿ ಅಂತಾನೆ ಮಾಡಿದ್ದು ಸಾ,” ಅಂದಳು ಅಜ್ಜಿ. ಅದು ನಿಜವೂ ಆಗಿತ್ತು.

ಅಪ್ಪ ಕೊಳ್ಳೇಗಾಲದ ಡಾಕ್ಟರಿಗೆ ತೋರಿಸಿದ. ಅವರೂ ಅದನ್ನೇ ಹೇಳಿದರು: ಇದು ಹುಟ್ಟಿನಿಂದ ಬಂದದ್ದು, ಕಾಯಿಲೆಯಲ್ಲ, ಹೆದರಿಸಬೇಡಿ, ಮಾತಾಡಿಸುತ್ತಾ ಇರಿ. ಅಪ್ಪ ಅಜ್ಜಿಯ ಹತ್ತಿರ ಬಹಳ ಕಾಲ ಮಾತು ಬಿಟ್ಟ. ಅಕ್ಕ ಸ್ಕೂಲಿಗೆ ಮತ್ತೆ ಬರಲಿಲ್ಲ. ಮಾರನೇ ವರ್ಷ ಮೇಷ್ಟ್ರಿಗೂ ವರ್ಗವಾಯಿತು.

ಸೊಪ್ಪಿನ ತೋಟದಲ್ಲಿ ನಾವಿಬ್ಬರೇ ಇದ್ದಾಗ ಮಾತ್ರ ಅವಳು ಬಾಯಿ ಮುಚ್ಚಿಕೊಂಡೇ ಗುನುಗತೊಡಗಿದಳು. ಏರಿದರೆ ಒಂದು ಅರ್ಥ, ಇಳಿದರೆ ಇನ್ನೊಂದು. ದಿನಾ ಜೊತೆಗಿದ್ದ ನನಗೆ ಅದು ತಿಳಿಯುತ್ತಿತ್ತು. ಮನೆಯವರಿಗೆ ತಿಳಿಸುತ್ತಿದ್ದೆ. ಹೀಗೇ ವರ್ಷಗಳು ಹೋದವು.

ಮದುವೆಯಾಗಿ ನಾನು ಯಳಂದೂರಿಗೆ ಬಂದೆ. ಮಕ್ಕಳಾದವು, ತವರಿಗೆ ಹೋಗುವುದು ಕಡಿಮೆಯಾಯಿತು. ಅಕ್ಕನಿಗೆ ಜ್ವರ ಅಂತ ಹೇಳಿಕಳಿಸಿದಾಗ ಬಸ್ಸು ಹತ್ತಿ ಹೋದೆ. ಜಗುಲಿಯ ಮೇಲೆ ಮಲಗಿದ್ದಳು. ಡಾಕ್ಟರು ಪಕ್ಕದಲ್ಲಿ ಕೂತಿದ್ದರು.

“ಎಲ್ಲಿ ನೋವು ಅಂತ ಗೊತ್ತಾಗ್ತಿಲ್ಲ. ಎಲ್ಲಿ ಮುಟ್ಟಿದ್ರೂ ಹೀಗೇ ಮುಖ ಮಾಡ್ತಾರೆ.”

“ನಿಂಗಿ ಬಂದ್ಲಲ್ಲ, ಅವಳು ಹೇಳ್ತಾಳೆ ಬುಡಿ ಸಾ,” ಅಂದಳು ಅವ್ವ. “ಕೇಳವ್ವ.”

“ಎಲ್ಲಿ ನೋಯ್ತದೆ ಅಕ್ಕಾ?”

ಅವಳು ನನ್ನನ್ನೇ ನೋಡುತ್ತಾ ಗುನುಗಿದಳು. ಏರಿತು, ಇಳಿಯಿತು, ನಡುವೆ ಸ್ವಲ್ಪ ನಿಂತು ಮತ್ತೆ ಏರಿತು. ನನಗೆ ತಿಳಿಯಲಿಲ್ಲ. ಮತ್ತೆ ಕೇಳಿದೆ. ಅದನ್ನೇ ಮತ್ತೆ ನಿಧಾನವಾಗಿ, ಚಿಕ್ಕ ಮಕ್ಕಳಿಗೆ ಬಿಡಿಸಿ ಹೇಳುವ ಹಾಗೆ ಗುನುಗಿದಳು. ಎಲ್ಲರೂ ನನ್ನ ಮುಖ ನೋಡುತ್ತಿದ್ದರು.

ಆ ವಾರವೇ ಹೋದಳು. ನನಗೆ ಅಳು ಬರಲಿಲ್ಲ.

ಈಗ ಅಂಥ ಮಕ್ಕಳಿಗೆ ಕಲಿಸಲು ಓದಿಕೊಂಡು ಬಂದವರಿದ್ದಾರೆ. ಚಿತ್ರ ತೋರಿಸಿ, ಕೈಸನ್ನೆ ಹೇಳಿಕೊಟ್ಟು ಮಾತು ಹೊರಡಿಸುತ್ತಾರೆ. ಒಳ್ಳೆಯದೇ ಆಯಿತು. ಆದರೆ ಅಕ್ಕನ ಗುನುಗು ಯಾರೂ ಕಲಿಸಿದ್ದಲ್ಲ. ಅದು ಗೊತ್ತಿದ್ದದ್ದು ನಮ್ಮಿಬ್ಬರಿಗೇ. ಅವಳು ತೀರಿಕೊಳ್ಳುವ ಮೊದಲೇ ನಾನದನ್ನು ಮರೆತಿದ್ದೆ.