ಬಲಗಡೆಯ ಕುರ್ಚಿ

ಹೊಸ ಫ್ಲೆಕ್ಸಿನ ಕೆಳಗಿನ ಬಲ ಮೂಲೆ ಗೋಡೆಗೆ ಅಂಟಿಕೊಳ್ಳುತ್ತಿಲ್ಲ. ಎಷ್ಟು ಟೇಪು ಹಚ್ಚಿದರೂ ಸ್ವಲ್ಪ ಹೊತ್ತಿಗೆ ಟಪ್ಪೆಂದು ಬಿಟ್ಟುಕೊಂಡು, ಬಾಡಿದ ವೀಳ್ಯದೆಲೆಯ ತುದಿಯಂತೆ ಒಳಕ್ಕೆ ಮಡಚಿಕೊಳ್ಳುತ್ತದೆ. ಸೀಮೆಎಣ್ಣೆಗೂ ಹೊಸ ಚಪ್ಪಲಿಗೂ ನಡುವಿನ ಒಂದು ವಾಸನೆ ಅದಕ್ಕೆ. ಈ ವಾರವೆಲ್ಲ ನಮ್ಮ ಮನೆಯಲ್ಲಿ ಅವ್ವನ ಒಗ್ಗರಣೆಗಿಂತ ಆ ವಾಸನೆಯೇ ಜೋರು.

ಅದು ವಿಮಾನದ ಕಾಕ್‌ಪಿಟ್ಟಿನ ಚಿತ್ರ. ನಿಜವಾದದ್ದು ಎಷ್ಟಿರುತ್ತದೋ ಅಷ್ಟೇ ದೊಡ್ಡದು. ಒಂದೊಂದು ಗುಂಡಿಯೂ ಅದರದರ ಜಾಗದಲ್ಲಿದೆ. ಪೈಲಟ್‌ಗಳ ಮನೆಯಲ್ಲಿ ಇದು ಹೊಸದೇನಲ್ಲ. ಪರೀಕ್ಷೆ ಹತ್ತಿರ ಬಂದಾಗ ಇಂಥ ಚಿತ್ರವನ್ನು ಗೋಡೆಗೆ ಹಚ್ಚಿ, ಎದುರಿಗೆ ಎರಡು ಕುರ್ಚಿ ಹಾಕಿಕೊಂಡು, ಎಡಗಡೆಯವರು ಕ್ಯಾಪ್ಟನ್, ಬಲಗಡೆಯವರು ಕೋ-ಪೈಲಟ್ ಆಗಿ ಕೂತು, ಗಾಳಿಯಲ್ಲಿ ಕೈಯಾಡಿಸುತ್ತ ಅಭ್ಯಾಸ ಮಾಡುತ್ತಾರೆ. ತಿಳಿಯದವರು ನೋಡಿದರೆ ಈ ಮನೆಯವರಿಗೆ ತಲೆ ಕೆಟ್ಟಿದೆ ಎಂದುಕೊಳ್ಳಬೇಕು. ಇದನ್ನು ಮುದ್ರಿಸಿ ತರಲು ಕೊಂಢವಾ ಬಡಾವಣೆಯ ಅಂಗಡಿಗೆ ಹೋಗಿದ್ದವಳು ನಾನೇ. ಗಲ್ಲಿಯ ಪುಢಾರಿಗಳ ಹುಟ್ಟುಹಬ್ಬದ ಫಲಕಗಳನ್ನೇ ಮುದ್ರಿಸಿ ರೂಢಿಯಾದ ಅಂಗಡಿಯವನು ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಭಾಊಂಚಾ ಫೋಟೋ ಕುಠೇ ಲಾವಾಯಚಾ?" ಎಂದು ಮರಾಠಿಯಲ್ಲಿ ಕೇಳಿದ. ಅಣ್ಣಾವ್ರ ಫೋಟೋ ಎಲ್ಲಿ ಹಾಕಬೇಕು ಅಂತ! ಬೇರೆ ದಿನವಾಗಿದ್ದರೆ ನಗುತ್ತಿದ್ದೆ.

ನಾನು ಚಿಕ್ಕವಳಿದ್ದಾಗ ಇದ್ದ ಚಿತ್ರ ಬರೀ ಕಾಗದದ್ದು, ಕಪ್ಪುಬಿಳುಪು, ತುಂಡುಗಳನ್ನು ಜೋಡಿಸಿ ಅಂಟಿಸಿದ್ದು. ಆಗ ಬಲಗಡೆಯ ಕುರ್ಚಿ ನನ್ನದು. ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲವಾದ್ದರಿಂದ ಅಪ್ಪ ಹಿಟ್ಟಿನ ಡಬ್ಬಿಯನ್ನು ತಂದು ಕಾಲ ಕೆಳಗೆ ಇಡುತ್ತಿದ್ದರು. ಅವ್ವ ರೊಟ್ಟಿಗೆಂದು ಹಿಟ್ಟು ಹುಡುಕಿಕೊಂಡು ನೇರ ಕಾಕ್‌ಪಿಟ್ಟಿಗೇ ಬರುತ್ತಿದ್ದಳು. ಅಪ್ಪ ವಿಜಯಪುರದವರು. ಅವರು ಹಾರಿಸುವುದು ಸರಕಿನ ವಿಮಾನ. ಔಷಧಿ, ಯಂತ್ರದ ಬಿಡಿಭಾಗ, ಪಾರ್ಸೆಲ್ಲು. "ನನ್ನ ಪ್ಯಾಸೆಂಜರ್ ಒಬ್ರೂ ತಕರಾರು ಮಾಡೂದಿಲ್ಲ ಬಾಳಾ," ಎನ್ನುತ್ತಿದ್ದರು. ಬಾಳಾ ಎಂದರೆ ಮರಾಠಿಯಲ್ಲಿ ಮಗು. ಕೋಳಿಮರಿಗಳ ಪೆಟ್ಟಿಗೆ ಒಯ್ದು ಬಂದ ದಿನ ಮಾತ್ರ, "ಇವತ್ತಿನವ್ರು ದಾರಿ ತುಂಬ ಹರಟಿ ಹೊಡದ್ರು," ಎಂದಿದ್ದರು. ಶಾಲೆಯಲ್ಲಿ ಗೆಳತಿಯೊಬ್ಬಳು, ಹಾಗಾದರೆ ನಿಮ್ಮಪ್ಪ ಮೇಲಿನ ಲಾರಿ ಓಡಿಸ್ತಾರೆ ಎಂದು ಎಲ್ಲರೆದುರು ಹೇಳಿದಾಗ ನನ್ನ ಕಿವಿ ಬಿಸಿಯಾಗಿತ್ತು. ಅಪ್ಪನಿಗೆ ಹೇಳಿದರೆ ಅವರಿಗೆ ಆ ಮಾತು ಭಾಳ ಹಿಡಿಸಿ, ತಮ್ಮ ಗೆಳೆಯರಿಗೆಲ್ಲ ಹೇಳಿಕೊಂಡು ನಕ್ಕರು. ನಾಚಿಕೆಪಡುವುದರಲ್ಲಿ ನಾನು ಅವರಿಗಿಂತ ಯಾವಾಗಲೂ ಮುಂದು.

ಆ ಕಾಗದದ ವಿಮಾನದಲ್ಲಿ ನನಗೆ ಇಷ್ಟವಾದ ಗಳಿಗೆ ಒಂದಿತ್ತು. ವಿಮಾನ ನೆಲದ ಮೇಲೆ ವೇಗ ಹಿಡಿಯುತ್ತಿರುವಾಗ, ವೇಗ ಎಂಬತ್ತು ಮುಟ್ಟಿದೊಡನೆ ಕೋ-ಪೈಲಟ್ "ಎಯ್ಟಿ" ಎಂದು ಕರೆಯಬೇಕು. ಕ್ಯಾಪ್ಟನ್ "ಚೆಕ್ಡ್" ಎನ್ನಬೇಕು. ಇಬ್ಬರ ಎದುರಿನ ಮುಳ್ಳುಗಳೂ ಒಂದೇ ವೇಗ ತೋರಿಸುತ್ತಿವೆಯೇ ಎಂದು ನೋಡುವುದು ಒಂದು ಕಾರಣ. ಪಕ್ಕದಲ್ಲಿ ಕೂತವರಿಗೆ ಎಚ್ಚರವಿದೆಯೇ ಎಂದು ತಿಳಿಯುವುದು ಇನ್ನೊಂದು. ಉತ್ತರ ಬರದಿದ್ದರೆ ಎರಡನೇ ಸಲ ಕರೆಯಬೇಕು. ಆಗಲೂ ಬರದಿದ್ದರೆ ಮಾತ್ರ ವಿಮಾನವನ್ನು ತಾನು ಹಿಡಿಯಬೇಕು. ಅಪ್ಪ ಆಗಾಗ ಬೇಕೆಂದೇ ಕತ್ತು ವಾಲಿಸಿ, ನಾಲಗೆ ಹೊರಚಾಚಿ ಸುಮ್ಮನಾಗಿಬಿಡುತ್ತಿದ್ದರು. ನಾನು ಅದಕ್ಕೇ ಕಾದವಳಂತೆ, ಮೊದಲ ಸಲಕ್ಕೇ ಉತ್ತರ ಬರಲಿಲ್ಲವೆಂದು ಗಾಳಿಯಲ್ಲಿ ಚುಕ್ಕಾಣಿ ಹಿಡಿದುಬಿಡುತ್ತಿದ್ದೆ.

"ಏ ಗಡಿಬಿಡಿ!" ಸತ್ತಂತಿದ್ದ ಅಪ್ಪ ಒಂದು ಕಣ್ಣು ತೆರೆಯುತ್ತಿದ್ದರು. "ಎರಡನೇ ಸರ್ತಿ ಯಾರ ಕರೀತಾರ? ಮನಷಾ ಏನರ ವಿಚಾರದಾಗ ಇರ್ತಾನ. ಅವಗೊಂದು ಅವಕಾಶ ಕೊಡಬೇಕೋ ಬ್ಯಾಡೋ?"

ಇಷ್ಟು ಹೇಳಿದ ಮೇಲೆ ಪಾಟೀಲರ ವಿಷಯಕ್ಕೆ ಬರಬೇಕು.

ಕ್ಯಾಪ್ಟನ್ ಪಾಟೀಲರು ಬೆಳಗಾವಿಯವರು, ಅಪ್ಪನಿಗಿಂತ ಬಹಳ ಚಿಕ್ಕವರು, ಲೋಹಗಾಂವ ಕಡೆಯ ನಮ್ಮ ಕಟ್ಟಡದಲ್ಲೇ ನಮಗಿಂತ ಕೆಳಗಿನ ಮಹಡಿಯಲ್ಲಿದ್ದಾರೆ. ಅವರದೂ ಸರಕಿನ ವಿಮಾನವೇ, ಆದರೆ ಬೇರೆ ಕಂಪನಿ, ಅಪ್ಪನ ಕಂಪನಿಗಿಂತ ದೊಡ್ಡದು. ಭಾನುವಾರ ಬೆಳಿಗ್ಗೆ ಇಬ್ಬರೂ ಸೇರಿ ಮಿಸಳ್ ತಿನ್ನಲು ಹೋಗುತ್ತಿದ್ದರು. "ಸರ್, ನಿಮ್ಮ ಕಂಪನಿ ವಿಮಾನ ಹೊಂಟ್ರ ಕೆಳಗ ನಟ್ಟು ಬೋಲ್ಟು ಉದುರತಾವಂತ, ಹೌದೇನ್ರಿ?" ಎಂದು ಪಾಟೀಲರು. "ಉದುರಲಿ ಬಿಡೋ. ನಿಮ್ಮ ಕಂಪನಿಯೊಳಗ ಒಂದ್ ನಟ್ಟು ಬಿಗಿ ಮಾಡಾಕ ನಾಲ್ಕು ಮ್ಯಾನೇಜರು ಸಹಿ ಹಾಕಬೇಕಲ್ಲ," ಎಂದು ಅಪ್ಪ. ಸ್ಪರ್ಧಿಗಳಾಗಿದ್ದಷ್ಟು ಕಾಲ ಅವರ ಸ್ನೇಹಕ್ಕೆ ಏನೂ ತೊಂದರೆಯಿರಲಿಲ್ಲ. ದೊಡ್ಡ ಕಂಪನಿ ಸಣ್ಣದನ್ನು ಸೇರಿಸಿಕೊಂಡು ಇಬ್ಬರೂ ಒಂದೇ ಕಡೆಯ ನೌಕರರಾದ ಮೇಲೆ ಮಾತು ನಿಂತಿತು.

ಇದು ನಿಮಗೆ ವಿಚಿತ್ರವೆನಿಸಬಹುದು, ನನಗೂ ಅನಿಸಿತ್ತು. ಪೈಲಟ್‌ಗಳಲ್ಲಿ ಯಾರು ಯಾವಾಗ ಸೇರಿದರು ಎಂಬುದೇ ಎಲ್ಲ. ಯಾರು ಕ್ಯಾಪ್ಟನ್ ಆಗಬೇಕು, ಯಾರಿಗೆ ದೀಪಾವಳಿಗೆ ರಜೆ, ಯಾರು ಯಾವ ಊರಲ್ಲಿರಬೇಕು ಎಲ್ಲವೂ ಅದರ ಮೇಲೆಯೇ. ಅರ್ಧ ಆಯುಷ್ಯ ಒಂದು ಸರದಿಯಲ್ಲಿ ನಿಂತವರನ್ನು ಎತ್ತಿ ಇನ್ನೊಂದು ಸರದಿಯ ನಡುವೆ ಇಟ್ಟರೆ, ಮುಂದಿನವರೂ ಹಿಂದಿನವರೂ ಅವರನ್ನು ನುಗ್ಗಿ ಬಂದವರೆಂದೇ ನೋಡುತ್ತಾರೆ. ಸಂಜೆ ಕಟ್ಟಡದ ಸುತ್ತ ವಾಕಿಂಗ್ ಹೋಗುವ ಪೈಲಟ್‌ಗಳು ಎರಡು ಗುಂಪಾದರು. ಒಂದು ಗುಂಪು ಬಲದಿಂದ ಸುತ್ತಿದರೆ ಇನ್ನೊಂದು ಎಡದಿಂದ, ಹೀಗಾಗಿ ಪ್ರತಿ ಸುತ್ತಿಗೂ ಎದುರಾಗಿ ಮುಖ ತಿರುಗಿಸಬೇಕಾಗುತ್ತಿತ್ತು. ಹೊಸ ಕಂಪನಿ ಕೊಟ್ಟ ಟೈ ಪ್ಲಾಸ್ಟಿಕ್ ಹೊದಿಕೆಯಲ್ಲೇ ಉಳಿಯಿತು, ಅಪ್ಪ ಹಳೆಯದನ್ನೇ ಕಟ್ಟಿದರು. ಒಂದು ಬೆಳಿಗ್ಗೆ ಲಿಫ್ಟಿನಲ್ಲಿ ಪಾಟೀಲರು "ನಮಸ್ಕಾರ್ರಿ ಸರ್" ಎಂದಾಗ ಅಪ್ಪ ಮಹಡಿಗಳ ಅಂಕಿ ಬದಲಾಗುವುದನ್ನೇ ನೋಡುತ್ತ ನಿಂತರು. ಪಾಟೀಲರ ಕೈ ಎದೆಯ ಹತ್ತಿರ ಹಾಗೇ ಉಳಿದಿತ್ತು. ನಾನೂ ನಮಸ್ಕಾರ ಹೇಳಲಿಲ್ಲ, ಫೋನು ನೋಡಿದೆ. ಅಪ್ಪನ ಬಗ್ಗೆ ನನಗೆ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ.

ಅಪ್ಪನ ಹಳೆಯ ಸಹೋದ್ಯೋಗಿಗಳು ನಮ್ಮ ಮನೆಯಲ್ಲೇ ಸೇರಿ, ಹಿರಿತನ ತೀರ್ಮಾನವಾಗುವ ತನಕ ಹೊಸ ಕಂಪನಿಯ ಪದ್ಧತಿಯ ಪರೀಕ್ಷೆಗೆ ಯಾರೂ ಹೋಗಬಾರದೆಂದು ಮಾತಾಡಿಕೊಂಡರು. ಹಾಗೆಂದು ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವರು ಎಲ್ಲರಿಗಿಂತ ಮೊದಲು ಹೋಗಿ ಪಾಸಾಗಿ ಬಂದರು. ಆಮೇಲೆ ಒಬ್ಬೊಬ್ಬರಾಗಿ ಉಳಿದವರು. ಕೊನೆಗೆ ಉಳಿದದ್ದು ಅಪ್ಪ. ಬುಧವಾರ ಹೈದರಾಬಾದಿನಲ್ಲಿ, ಕಾಕ್‌ಪಿಟ್ಟನ್ನೇ ಹೋಲುವ ಸಿಮ್ಯುಲೇಟರಿನಲ್ಲಿ ಪರೀಕ್ಷೆ. ಹೋಗದಿದ್ದರೆ, ಅಥವಾ ಹೋಗಿ ಸೋತರೆ, ಅವರು ಇನ್ನು ಮುಂದೆ ಬಲಗಡೆಯ ಕುರ್ಚಿಯಲ್ಲಿ ಕೂರಬೇಕು.

ಆಗಲೇ ಹೊಸ ಫ್ಲೆಕ್ಸು ಬಂದದ್ದು. ಎರಡು ಕಂಪನಿಗಳ ವಿಮಾನ ಒಂದೇ ಬಗೆಯದು, ಪದ್ಧತಿ ಮಾತ್ರ ಬೇರೆ. ನಮ್ಮಲ್ಲಿ ಗುಂಡಿಗಳನ್ನು ಮೇಲಿನಿಂದ ಕೆಳಗೆ ನೋಡಿಕೊಂಡು ಬಂದರೆ ಅವರಲ್ಲಿ ಕೆಳಗಿನಿಂದ ಮೇಲೆ. ನಮ್ಮಲ್ಲಿ ಎಂಬತ್ತಕ್ಕೆ ಕರೆದರೆ ಅವರಲ್ಲಿ ನೂರಕ್ಕೆ. ನೋಡಿ, "ನಮ್ಮಲ್ಲಿ" ಎಂದು ಬರೆಯುತ್ತಿದ್ದೇನೆ. ನಾನು ಸಂಖ್ಯಾಶಾಸ್ತ್ರ ಓದಿ, ಶಿವಾಜಿನಗರದ ಕಚೇರಿಯೊಂದರಲ್ಲಿ ಬೇರೆಯವರ ವರದಿಗಳ ತಪ್ಪು ಹುಡುಕುವ ಕೆಲಸ ಮಾಡುವವಳು. ನನ್ನದು ಯಾವ ವಿಮಾನ? ಆದರೂ ಅಪ್ಪನ ಜೊತೆ ಕೂತೂ ಕೂತೂ ಹೊಸ ಕೈಪಿಡಿ ನನಗೆ ಬಾಯಿಪಾಠವಾಯಿತು. ಅಪ್ಪನಿಗೆ ಆಗಲಿಲ್ಲ.

ಭಾನುವಾರ ಸಂಜೆ ಬೆಲ್ಲಾಯಿತು. ಅವ್ವ ಬಾಗಿಲು ತೆರೆದರೆ ಪಾಟೀಲರು.

"ಸರ್, ಒಂದ್ ತಾಸ್ ಕುಂಡ್ರೂಣ. ನಾ ಬಲಕ್ಕ ಕುಂಡ್ರತೀನಿ."

ತಾವೂ ಕ್ಯಾಪ್ಟನ್ ಆಗಿರುವವರು ಬಲಗಡೆ ಕೂರುತ್ತೇನೆಂದು ಕೇಳಿಕೊಂಡು ಬಂದಿದ್ದರು. ಅಪ್ಪ ಚಪ್ಪಲಿ ಸ್ಟ್ಯಾಂಡನ್ನು ನೋಡುತ್ತಲೇ "ಬರ್ರಿ," ಎಂದರು. ಬಾರೋ ಪಾಟೀಲ ಎನ್ನುತ್ತಿದ್ದವರು.

ಅವ್ವ ಚಹಾ ಇಟ್ಟಳು. ನಾನು ಅಡುಗೆಮನೆಯ ಬಾಗಿಲಲ್ಲಿ ಕೈಪಿಡಿ ಹಿಡಿದು ನಿಂತೆ; ಯಾರೂ ನಿಲ್ಲೆಂದು ಹೇಳಿರಲಿಲ್ಲ. ಗುಂಡಿಗಳೆಲ್ಲ ಮುಗಿದು ವಿಮಾನ ಓಡತೊಡಗಿತು. ಪಾಟೀಲರು ಇನ್ನೂ ನೂರಕ್ಕೆ ಕಾಯುತ್ತಿದ್ದಾರೆ, ಅಷ್ಟರಲ್ಲೇ ಅಪ್ಪ ಹಳೆಯ ರೂಢಿಯಂತೆ ಎಂಬತ್ತಕ್ಕೇ "ಚೆಕ್ಡ್" ಎಂದರು. ಯಾರೂ ಕರೆಯದ ಕರೆಗೆ ಓಗೊಟ್ಟಂತೆ. ಪಾಟೀಲರು ಮುಗುಳ್ನಕ್ಕು "ಮತ್ತೊಮ್ಮೆ ಹೋಗೂಣ್ರಿ" ಎಂದರು. ಎರಡನೆಯ ಸಲವೂ ಹಾಗೇ ಆಯಿತು. ಮೂರನೆಯ ಸಲ ಅಪ್ಪ ತುಟಿ ಬಿಗಿದು ತಡೆದುಕೊಂಡರು. ಪಾಟೀಲರು "ಹಂಡ್ರೆಡ್" ಎಂದರು. ಆದರೆ ತಡೆದುಕೊಳ್ಳುವುದರಲ್ಲೇ ಗಮನವಿದ್ದುದರಿಂದ ಅಪ್ಪನಿಂದ ಉತ್ತರವೇ ಹೊರಡಲಿಲ್ಲ. ಪಾಟೀಲರು ಎರಡನೇ ಸಲ ಕರೆಯಲು ಬಾಯಿ ತೆರೆದಿದ್ದರು. ಅದು ನನಗೆ ಕಾಣಿಸಿತ್ತು.

"ನೂರಕ್ಕ ಚೆಕ್ಡ್ ಅನ್ನಬೇಕಪ್ಪಾ," ಎಂದೆ. "ಇದು ಮೂರನೇ ಸರ್ತಿ ತಪ್ಪಿದ್ರಿ."

ಅಪ್ಪನ ಬೆನ್ನು ಮಾತ್ರ ನನಗೆ ಕಾಣುತ್ತಿತ್ತು. ಅವರು ನನ್ನ ಕಡೆ ತಿರುಗಲಿಲ್ಲ. ಎದ್ದು ನಿಂತು ಪಾಟೀಲರಿಗೆ ಹೇಳಿದರು: "ನಮ್ಮ ಕಂಪನಿ ನಿಮ್ಮದಾತು, ನಮ್ಮ ವಿಮಾನ ನಿಮ್ಮವಾದುವು. ಈಗ ನನ್ನ ಮನಿಯೊಳಗ ಬಂದು, ನನ್ನ ಮಗಳ ಮುಂದ, ನನಗ ಹಾರಸೂದು ಕಲಸ್ತೀರಿ. ಭಾಳ ಉಪಕಾರ ಆತು ಕ್ಯಾಪ್ಟನ್ ಪಾಟೀಲ. ಹೋಗಿ ಬರ್ರಿ."

ಪಾಟೀಲರು ಒಂದು ಮಾತು ಹೇಳಬಹುದಿತ್ತು. ತಿದ್ದಿದ್ದು ನಾನಲ್ಲ, ನಿಮ್ಮ ಮಗಳು ಎಂದು. ಅವರು ಕಪ್ಪನ್ನು ಕೆಳಗಿಟ್ಟು, "ಹೌದ್ರಿ ಸರ್. ನಂದ ತಪ್ಪಾತು. ನಾ ಇನ್ನೂ ಸಾವಕಾಶ ಕರೀಬೇಕಾಗಿತ್ರಿ," ಎಂದು ಹೊರಟರು. ನಾನು ಕೈಪಿಡಿಯನ್ನು ಎದೆಗೊತ್ತಿಕೊಂಡು ನಿಂತೇ ಇದ್ದೆ. ಬಾಗಿಲು ಮುಚ್ಚಿತು.

ಅಪ್ಪ ಫ್ಲೆಕ್ಸನ್ನು ಒಂದೇ ಎಳೆತಕ್ಕೆ ಕಿತ್ತರು. ಕೆಳಗಿನ ಬಲ ಮೂಲೆಗೆ ಮಡಿಕೆ ಬಿದ್ದದ್ದು ಆಗಲೇ. ಅದನ್ನು ಸುರುಳಿ ಸುತ್ತಿ ಫ್ರಿಜ್ಜಿನ ಹಿಂದೆ ತೂರಿಸಿ, "ನಾ ಹೈದರಾಬಾದಿಗೆ ಹೋಗೂದಿಲ್ಲ. ಸಾಕಾತು," ಎಂದು ಒಳಗೆ ಹೋದರು.

ಅವ್ವ ಪಾಟೀಲರು ಅರ್ಧ ಕುಡಿದ ಚಹಾವನ್ನು ಸಿಂಕಿಗೆ ಸುರಿದಳು. "ಆಫೀಸಿನ ಕೆಂಪು ಪೆನ್ನು ಆಫೀಸಿನ್ಯಾಗ ಬಿಟ್ಟು ಬರಬೇಕವಾ," ಎಂದಳು. ಅಷ್ಟೇ. ನನ್ನ ಮುಖ ನೋಡಲಿಲ್ಲ.

ನಾನು ತಪ್ಪು ಹೇಳಿರಲಿಲ್ಲ. ಅದೇ ತೊಂದರೆ. ನಾನು ಹೇಳಿದ್ದು ಸರಿಯಾಗಿಯೇ ಇತ್ತು, ಮತ್ತು ಹೇಳುವಾಗ ನನಗೆ ಒಳಗೊಳಗೇ ಹಿತವಾಗಿತ್ತು. ಲಿಫ್ಟಿನಲ್ಲಿ ಅಪ್ಪನಿಂದಾದ ನಾಚಿಕೆಯನ್ನು ಪಾಟೀಲರ ಎದುರು ತೊಳೆದುಕೊಳ್ಳುತ್ತಿದ್ದೆ ಅನಿಸುತ್ತದೆ. ನೋಡಿ, ಈ ಮನೆಯಲ್ಲಿ ನಿಮ್ಮ ಪದ್ಧತಿ ಗೊತ್ತಿರುವವಳು ಒಬ್ಬಳಾದರೂ ಇದ್ದಾಳೆ ಎಂದು. ಅಪ್ಪನಿಗೆ ಆ ಸಿಟ್ಟನ್ನು ನನ್ನ ಮೇಲೆ ಹಾಕಲಾಗಲಿಲ್ಲ, ಅತಿಥಿಯ ಮೇಲೆ ಹಾಕಿದರು. ಅತಿಥಿ ಅದನ್ನು ತಮ್ಮದೆಂದು ಹೊತ್ತುಕೊಂಡು ಹೋದರು. ಇಬ್ಬರೂ ಸೇರಿ ನನ್ನನ್ನು ಉಳಿಸಿದರು. ಅಷ್ಟು ದಿನಗಳ ಮೇಲೆ ಅವರಿಬ್ಬರೂ ಕೂಡಿ ಮಾಡಿದ ಕೆಲಸ ಅದೊಂದೇ.

ಮಾರನೆಯ ಬೆಳಿಗ್ಗೆ ಅಪ್ಪ ಹೊರಗಿನ ಗ್ಯಾಲರಿಯಲ್ಲಿ ಪೇಪರು ಹಿಡಿದು ಕೂತಿದ್ದರು. ನಾನು ಫ್ರಿಜ್ಜಿನ ಹಿಂದಿನಿಂದ ಸುರುಳಿ ತೆಗೆದು, ಧೂಳು ಒರೆಸಿ, ಗೋಡೆಗೆ ಹಚ್ಚಿದೆ. ಎರಡು ಕುರ್ಚಿ ಎಳೆದು ಬಲಗಡೆಯದರಲ್ಲಿ ಕೂತೆ. ಕೈಪಿಡಿಯನ್ನು ಮುಟ್ಟಲಿಲ್ಲ. ಗ್ಯಾಲರಿಗೆ ಕೇಳುವಷ್ಟು ದನಿಯಲ್ಲಿ "ಎಯ್ಟಿ" ಎಂದೆ.

ಪೇಪರು ಅಲುಗಲಿಲ್ಲ. ಗೋಡೆಯ ಮೇಲೆ ಟೇಪು ಟಪ್ಪೆಂದು ಬಿಟ್ಟುಕೊಂಡಿತು. ಕಾದೆ.

"ಎಯ್ಟಿ."

"ಚೆಕ್ಡ್," ಎಂದಿತು ಪೇಪರು.

ಅಪ್ಪ ಬಂದು ಎಡಗಡೆ ಕೂತರು. ಹಳೆಯ ಪದ್ಧತಿಯಲ್ಲೇ, ಮೇಲಿನಿಂದ ಕೆಳಗೆ, ಒಂದೂ ಬಿಡದೆ, ಒಮ್ಮೆ ಹಾರಿ ಇಳಿದೆವು. ಅವರ ಕೈಗಳು ಗೋಡೆಯನ್ನು ನೋಡದೆಯೇ ಹೋಗಬೇಕಾದಲ್ಲಿಗೆ ಹೋಗುತ್ತಿದ್ದವು. ಇಳಿದು ನಿಂತ ಮೇಲೆ ಚಿತ್ರದ ಮಡಚಿದ ಮೂಲೆಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದುಕೊಂಡೇ, "ಹೊಸಾದಕ್ಕ ನೀ ಸಾಲೂದಿಲ್ಲ ಬಾಳಾ," ಎಂದರು. "ಪಾಟೀಲ ಎದ್ದಾನೇನು ನೋಡು. ಬುಧವಾರ ಭಾಳ ದೂರ ಇಲ್ಲ."

ಲಿಫ್ಟಿಗೆ ಕಾಯದೆ ಮೆಟ್ಟಿಲಿಳಿದೆ. ತಿದ್ದಿದ್ದು ನಾನು, ನೀವಲ್ಲ ಎಂಬ ಮಾತನ್ನು ಬಾಯಲ್ಲೇ ಹಿಡಿದುಕೊಂಡು ಅವರ ಬೆಲ್ಲು ಒತ್ತಿದೆ. ಒಳಗಿನಿಂದ ಸದ್ದಿಲ್ಲ. ಒಮ್ಮೆ ಒತ್ತಿ, ಬಾಗಿಲು ತೆರೆಯದಿದ್ದರೆ ಯಾರಿಗೆ ತೊಂದರೆಯೋ ಏನೋ ಎಂದು ತಿರುಗಿ ಬಂದುಬಿಡುವುದು ನನ್ನ ಸ್ವಭಾವ. ಅವತ್ತು ಅಲ್ಲೇ ನಿಂತು, ಎರಡನೇ ಸಲ ಒತ್ತಿದೆ.